ತುಪ್ಪದ ಕನಕಾಂಬರದ ಬೇರು

ಹೋದ ತಿಂಗಳು, ನಾನು ರಿಟೈರ್ ಆಗುವವರೆಗೆ ಇದ್ದ ತೋಟಗಾರಿಕೆ ಆಫೀಸಿಗೆ ಹೋಗಿದ್ದೆ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಇಟ್ಟಿರುವ ಹರ್ಬೇರಿಯಂ ಕೋಣೆಯ ಬೀರುವಿನಿಂದ ಒಂದು ಶೀಟ್ ತೆಗೆಸಿದೆ. ಅದರ ಮೂಲೆಯ ಲೇಬಲ್ಲಿನಲ್ಲಿ ಎರಡು ಕಡೆ ಕೆಂಪು ಇಂಕಿನಲ್ಲಿ ಗೀಟು ಎಳೆದೆ. ಹಳೆಯದನ್ನು ಹೊಡೆದುಹಾಕಬಾರದು, ಪಕ್ಕದಲ್ಲಿ ಹೊಸ ಚೀಟಿ ಅಂಟಿಸಬೇಕು ಎಂಬ ರೂಲನ್ನು ಆ ಕೋಣೆಯಲ್ಲಿ ಕಲಿಸಿದವಳೇ ನಾನು. ಅಲ್ಲಿ ಹೊಸದಾಗಿ ಸೇರಿರುವ ಸಂಗೀತಾ ಎಂಬ ಹುಡುಗಿ ಗಾಬರಿಯಾದಳು. "ಮೇಡಂ, ಯಾಕೆ ತಿದ್ದಿದ್ರಿ ಅಂತ ಒಂದು ನೋಟ್ ಬರ್ದುಕೊಡಿ ಪ್ಲೀಸ್. ನಾಳೆ ನನ್ನ ಕೇಳ್ತಾರೆ" ಎಂದಳು. ನ್ಯಾಯವಾದ ಮಾತು. ಒಂದು ಸಾಲಿನ ನೋಟ್ ಬರೆಯಲು ಕೂತೆ, ಅದು ಇಷ್ಟುದ್ದ ಆಯಿತು. ಸಂಗೀತಾಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಎಂದೇ ಬರೆದಿದ್ದೇನೆ.

ನಮ್ಮದು ಗಿಡದ ಹೆಸರು ಹೇಳುವ ಕೆಲಸ. ಜನ ಗಿಡ ತರುತ್ತಾರೆ, ನಾವು ಇಂಥದ್ದು ಎನ್ನುತ್ತೇವೆ. ನನ್ನ ಕಾಲದಲ್ಲಿ ಯಶವಂತಪುರದ ಒಬ್ಬ ಹಿರಿಯರು ಟಿಫಿನ್ ಬಾಕ್ಸಿನಲ್ಲಿ ಒಂದೇ ಒಂದು ಎಲೆ ತಂದು, ಇದು ಶುಗರಿಗೆ ಒಳ್ಳೆಯದಂತೆ, ಹೌದೋ ಅಲ್ಲವೋ ಹೇಳಿ ಎಂದು ಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಹೂವಿಲ್ಲ, ಕಾಯಿಲ್ಲ, ಕಡ್ಡಿಯೂ ಇಲ್ಲ. ನಾನು ಆಗಲ್ಲ ಎಂದರೆ, ಹಾಗಾದರೆ ಸರ್ಕಾರ ನಿಮಗೆ ಸಂಬಳ ಯಾಕೆ ಕೊಡುತ್ತೆ ಎಂದು ಕೇಳಿದರು. ಈಗ ಫೋನ್ ಹಿಡಿದರೆ ಆ್ಯಪ್ ಹೆಸರು ಹೇಳುತ್ತದೆ. ಸಂಗೀತಾ ನನ್ನ ಮುಂದೆಯೇ ಒಂದು ಎಲೆಗೆ ಹಿಡಿದಳು. ಒಂದು ಕ್ಷಣವೂ ಅನುಮಾನಿಸದೆ ಅದು ಉತ್ತರ ಕೊಟ್ಟಿತು. ಅಷ್ಟೇ ಧೈರ್ಯವಾಗಿ ಒಮ್ಮೆ ನಾನೂ ಉತ್ತರ ಕೊಟ್ಟಿದ್ದೆ.

ನಾನು ಓದಿದ್ದು ಕಂಟೋನ್ಮೆಂಟ್ ಕಡೆಯ ಕಾನ್ವೆಂಟಿನಲ್ಲಿ. ತಲೆಗೆ ಹೂ ಮುಡಿದು ಹೋದರೆ ಸಿಸ್ಟರ್ ಗೇಟಿನಲ್ಲೇ ತೆಗೆಸಿ, ಬಿಸ್ಕೆಟ್ ಡಬ್ಬಿಗೆ ಹಾಕಿಸಿ, ಸಂಜೆ ಮನೆಗೆ ಹೊರಡುವಾಗ ವಾಪಸ್ ಕೊಡುತ್ತಿದ್ದರು. ಆ ಡಬ್ಬಿಯ ಮುಚ್ಚಳ ತೆಗೆದಾಗ ಬರುತ್ತಿದ್ದ ಬಾಡಿದ ಮಲ್ಲಿಗೆಯ ವಾಸನೆ ಈಗಲೂ ಮೂಗಿನಲ್ಲಿದೆ. ಹಾಗಾಗಿ ಹೂಗಳು ನನಗೆ ಗೊತ್ತಾಗಿದ್ದು ಮುಡಿದಲ್ಲ, ಓದಿ. ಕನಕಾಂಬರ ಎಂದರೆ ಕ್ರಾಸಾಂಡ್ರಾ, ಅಕಾಂಥೇಸಿ ಫ್ಯಾಮಿಲಿ. ನಾಲ್ಕು ಮೂಲೆಯ ಹಸಿರು ತೆನೆ, ಅದರ ಸಂದಿನಿಂದ ಕೆಳಗಿನಿಂದ ಮೇಲಕ್ಕೆ ಇಷ್ಟಿಷ್ಟೇ ಅರಳುವ ಹೂ. ದಾರದಷ್ಟು ಸಣ್ಣ ಕೊಳವೆ, ತುದಿಯಲ್ಲಿ ಒಂದೇ ಕಡೆಗೆ ಬಿಚ್ಚಿಕೊಂಡ ಬೀಸಣಿಗೆಯಂಥ ದಳ. ಕೆಲಸಕ್ಕೆ ಸೇರಿದ ವಾರ ಇದನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸಿದಾಗ ನಮ್ಮ ನರ್ಸರಿಯ ಮಾಲಿ ಹನುಮಂತಪ್ಪ ಪೂರ್ತಿ ಕೇಳಿಸಿಕೊಂಡು, "ಇದಕ್ಕೆ ವಾಸ್ನೆ ಇಲ್ಲ ಮೇಡಂ. ಅದಕ್ಕೇ ಕಟ್ಟೋವಾಗ ಮಧ್ಯ ಮಧ್ಯ ಮರುಗ ಸೇರಿಸ್ತಾರೆ. ನಿಮ್ ಪುಸ್ತಕದಾಗೆ ಮರುಗ ಐತಾ?" ಎಂದಿದ್ದ. ಇರಲಿಲ್ಲ.

ಬ್ಲಂಡರುಗಳಲ್ಲಿ ನಗುವಂಥದ್ದೂ ಇವೆ. ಕನಕಾಂಬರದ ಬಲಿತ ಕಾಯಿಗೆ ನೀರು ತಾಕಿದರೆ ಅದು ಸಿಡಿಯುತ್ತದೆ. ಬೀಜ ಮಳೆಯಲ್ಲೇ ನೆಲಕ್ಕೆ ಬೀಳಲಿ ಎಂದು ಪ್ರಕೃತಿ ಮಾಡಿರುವ ಏರ್ಪಾಡು. ನನಗೆ ಗೊತ್ತಿರಲಿಲ್ಲ. ಒಣ ತೆನೆಗಳನ್ನು ಮೆತ್ತಗೆ ಮಾಡೋಣವೆಂದು ಒದ್ದೆ ಬ್ಲಾಟಿಂಗ್ ಪೇಪರಿನಲ್ಲಿ ಹರಡಿ, ಊಟಕ್ಕೆ ಹೋದೆ. ವಾಪಸ್ ಬರುವಷ್ಟರಲ್ಲಿ ನಮ್ಮ ಡೆಪ್ಯುಟಿ ಡೈರೆಕ್ಟರ್ ಟೀ ಲೋಟ ಹಿಡಿದು ಮೇಜಿನ ಪಕ್ಕ ನಿಂತಿದ್ದರು. ಟಪ್ ಎಂದು ಒಂದು, ಹಿಂದೆಯೇ ಹತ್ತಾರು. ಒಂದು ಬೀಜ ಅವರ ಕನ್ನಡಕಕ್ಕೆ, ಒಂದು ಟೀಗೆ. ಡಿಡಿ ಎಂದೇ ನಾವು ಕರೆಯುತ್ತಿದ್ದ ಆ ಮನುಷ್ಯ ನಗುವವರಲ್ಲ. ಅವತ್ತಿನಿಂದ ನಾನು ಅವರ ಮುಂದೆ ತಪ್ಪು ಮಾಡಬಾರದು ಎಂಬ ಭಯವನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಮುಂದೆ ಆಗಿದ್ದಕ್ಕೆಲ್ಲ ಆ ಗಂಟೇ ಮೂಲ ಎಂದು ಈಗ ಅನಿಸುತ್ತದೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಕನಕಾಂಬರದಲ್ಲಿ ಕೆಲವು ಜಾತಿ ಕಾಯಿಯನ್ನೇ ಕಟ್ಟುವುದಿಲ್ಲ. ಬೀಜವೇ ಇಲ್ಲ. ಕಡ್ಡಿ ಮುರಿದು ನೆಟ್ಟರೆ ಉಂಟು, ನೆಡುವುದು ನಿಂತರೆ ಆ ಬಣ್ಣ ಪ್ರಪಂಚದಲ್ಲೇ ಇಲ್ಲ.

ಕೆಂಪಾಪುರದಿಂದ ಕಂಪ್ಲೇಂಟ್ ಬಂತು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳ ನೆರಳು ಬಿಟ್ಟರೆ ಏನೂ ಬೆಳೆಯುವುದಿಲ್ಲ, ಆಗ ಕನಕಾಂಬರದ ಹೊಲಗಳಿದ್ದವು. ಗಿಡಗಳೆಲ್ಲ ಹಳದಿಯಾಗುತ್ತಿವೆ, ಯಾರಾದರೂ ಬಂದು ನೋಡಿ ಎಂದು ಅಲ್ಲಿನ ಹೂ ಬೆಳೆಗಾರರು ಬರೆದಿದ್ದರು. ಡಿಡಿ ನನ್ನನ್ನು ಕಳಿಸಿದರು. ಜೀಪಿನಲ್ಲಿ ಒಬ್ಬಳೇ ಆಫೀಸರಾಗಿ ಹೋಗಿದ್ದು ಅದೇ ಮೊದಲು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟಿದ್ದೆ.

ಮೊದಲ ಹೊಲದಲ್ಲಿ ನಾನು ಮಾಡಬೇಕಾದ್ದನ್ನೇ ಮಾಡಿದೆ. ಒಂದು ಗಿಡ ಕೀಳಿಸಿದೆ. ಬೇರಿನ ತುಂಬ ಸಾಸಿವೆ, ಕಡಲೆ ಗಾತ್ರದ ಗಂಟುಗಳು. ಕಣ್ಣಿಗೆ ಕಾಣದ ಜಂತುಹುಳು ಮಾಡುವ ಕೆಲಸ ಅದು. ಆಗ ನಮ್ಮಲ್ಲಿದ್ದ ಉಪದೇಶ ಒಂದೇ, ಕಿತ್ತು ಸುಡಿ, ಆಮೇಲೆ ಅಲ್ಲಿ ಚೆಂಡುಹೂ ಹಾಕಿ. ಬರೆದುಕೊಟ್ಟೆ.

ಪಕ್ಕದ ಹೊಲ ಮುನಿಯಮ್ಮನದು. ಐವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳ ಮದುವೆಯಾಗಿತ್ತು, ಹೊಲ ತಾನೇ ನೋಡಿಕೊಳ್ಳುತ್ತಿದ್ದಳು. ಅಲ್ಲಿಯೂ ಎಲೆ ಹಳದಿ. ಆದರೆ ಆಗಷ್ಟೇ ನೀರು ಹಾಯಿಸಿದ್ದರು, ಮೊಣಕಾಲುದ್ದ ಕೆಸರು. ನಾನು ಸೀರೆ ಎತ್ತಿ ಹಿಡಿದು ಬದುವಿನ ಮೇಲೆಯೇ ನಿಂತೆ. "ಬಾವಿ ಬತ್ತೋಯ್ತು ತಾಯಿ. ಈ ಬೋರ್ ನೀರು ಬಿಟ್ಟಾಗಿಂದ ಇಂಗಾಗೈತೆ" ಎಂದು ಅವಳು ಅಂದಳು. ಅಂದಿದ್ದು ನನ್ನ ಕಿವಿಗೆ ಬಿತ್ತು. ನಾನು ಬರೆದುಕೊಳ್ಳಲಿಲ್ಲ.

ಯಾಕೆಂದರೆ ಆಗ ನನ್ನ ಕಣ್ಣು ಬತ್ತಿದ ಬಾವಿಯ ಪಕ್ಕ ಇದ್ದ ಒಂದು ಸಾಲಿನ ಮೇಲೆ ನಿಂತುಬಿಟ್ಟಿತ್ತು. ಅಲ್ಲಿದ್ದುದೂ ಕನಕಾಂಬರವೇ, ಆದರೆ ಆ ಬಣ್ಣವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಕೇಸರಿಯಲ್ಲ, ಹಳದಿಯಲ್ಲ. ಚೆನ್ನಾಗಿ ಕಾಯಿಸಿದ ಹಸುವಿನ ತುಪ್ಪ ಗಟ್ಟಿಯಾಗುವ ಮುಂಚಿನ ಬಣ್ಣ, ಗಂಟಲಲ್ಲಿ ಒಂದು ಚುಕ್ಕಿ ಕೆಂಪು. ತೆನೆಗಳನ್ನು ಹುಡುಕಿದೆ, ಒಂದು ಕಾಯಿಯೂ ಇಲ್ಲ. ಅವಳ ಅತ್ತೆಯ ಕಾಲದಿಂದ ಇದೆಯಂತೆ, ತುಪ್ಪದ ಕನಕಾಂಬರ ಅಂತ ಹೆಸರಂತೆ. ಒಂದು ಕಡ್ಡಿ ಕೊಡಿ ಎಂದು ಕೇಳಿದೆ.

"ಹೂ ಬೇಕಾರೆ ತಗೊಳಿ. ಕಡ್ಡಿ ಕೊಡಕ್ಕಿಲ್ಲ" ಎಂದಳು ಮುನಿಯಮ್ಮ. "ಅದು ಮನೆ ಎಣ್ಮಕ್ಕಳ ಜೊತೆ ಓಗೋ ಗಿಡ."

ಎರಡು ಎಲೆ, ಒಂದು ತೆನೆ ಕತ್ತರಿಸಿ ಕೊಟ್ಟಳು. ನಾನು ಅದನ್ನು ಗಿಡ ಒತ್ತಿ ಒಣಗಿಸುವ ಪ್ರೆಸ್ಸಿನ ಹಲಗೆಗಳ ನಡುವೆ ಇಟ್ಟುಕೊಂಡೆ. ಫೀಲ್ಡ್ ನೋಟ್‌ಬುಕ್ಕಿನಲ್ಲಿ ಬೆಳೆಸುವ ವಿಧಾನಕ್ಕೆ ಒಂದು ಕಾಲಂ, ಸ್ಥಳೀಯರ ನಂಬಿಕೆಗಳಿಗೆ ಒಂದು ಕಾಲಂ ಇರುತ್ತದೆ. ಅವಳು ಹೇಳಿದ್ದನ್ನು ನಾನು ನಂಬಿಕೆಯ ಕಾಲಮ್ಮಿನಲ್ಲಿ ಬರೆದೆ. ಕಾನ್ವೆಂಟಿನ ಹುಡುಗಿ, ಹಾಗೆಂದರೆ ಏನು ಎಂದು ಕೇಳಬೇಕೆಂದೂ ತೋಚಲಿಲ್ಲ.

ಆಫೀಸಿನಲ್ಲಿ ರಿಪೋರ್ಟ್ ಫಾರಂ ತುಂಬುವಾಗ ಮುನಿಯಮ್ಮನ ಹೊಲದ ಮುಂದೆ ಎಲೆ, ಕಾಂಡ, ಬೇರು ಎಂದು ಮೂರು ಖಾಲಿ ಜಾಗ. ಎಲೆ ಹಳದಿ ಎಂದು ಬರೆದೆ. ಬೇರಿನ ಹತ್ತಿರ ಪೆನ್ನು ನಿಂತಿತು. ಡಿಡಿ ಬಾಗಿಲಲ್ಲಿ ನಿಂತು, ಇನ್ನೂ ಆಗಿಲ್ಲವಾ ಮಿಸ್ ಎಂದರು. ಪಕ್ಕದ ಹೊಲದ್ದೇ ಕಾಯಿಲೆ ತಾನೇ, ಒಂದೇ ಬದು. "ಬೇರಿನಲ್ಲಿ ಗಂಟುಗಳಿವೆ" ಎಂದು ಬರೆದು ಸೈನ್ ಹಾಕಿದೆ. ನಾನು ನೋಡದ ಬೇರು.

ಡಿಡಿಗೆ ರಿಪೋರ್ಟ್ ಹಿಡಿಸಿತು. ಇದನ್ನೇ ಒಂದು ಡೆಮಾನ್‌ಸ್ಟ್ರೇಶನ್ ಮಾಡೋಣ, ಸುತ್ತಲಿನ ರೈತರೆಲ್ಲ ಬಂದು ನೋಡಲಿ ಎಂದರು. ವಾರದೊಳಗೆ ಆಳುಗಳು, ಫೋಟೋ ತೆಗೆಯುವವರು, ಯಲಹಂಕದ ಕಡೆಯಿಂದಲೂ ಬಂದ ಬೆಳೆಗಾರರು ಎಲ್ಲ ಸೇರಿ ಮುನಿಯಮ್ಮನ ಬದುವಿನ ಮೇಲೆ ನಿಂತಿದ್ದರು. ಮುನಿಯಮ್ಮ ಜಗಳವಾಡಲಿಲ್ಲ. ಓದಿದವರು ಬಂದು ನೋಡಿದ್ದಾರೆ, ಬರೆದಿದ್ದಾರೆ ಎಂದು ಯಾರೋ ಹೇಳುತ್ತಿದ್ದರು, ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು. ಬಾವಿ ಪಕ್ಕದ ಸಾಲನ್ನಾದರೂ ಬಿಡಿ ಎಂದು ಒಂದು ಸಲ ಡಿಡಿಯನ್ನು ಕೇಳಿದಳಂತೆ. ಒಂದು ಗಿಡ ಉಳಿದರೂ ರೋಗ ಉಳಿದಂತೆ ಎಂದರಂತೆ ಅವರು.

ಮುಕ್ಕಾಲು ಹೊಲ ಕಿತ್ತಾಗಿತ್ತು. ಫೋಟೋಗೆ ಪೋಸ್ ಕೊಡಲು ನನ್ನ ಕೈಗೂ ಒಂದು ಗಿಡ ಕೊಟ್ಟರು. ಮಣ್ಣು ಉದುರಿಸಿ ಬೇರು ಹಿಡಿದೆ.

ಬಿಳಿ. ತೊಳೆದ ಶಾವಿಗೆಯಷ್ಟು ಬಿಳಿ. ಒಂದು ಗಂಟಿಲ್ಲ.

ಕೆಳಗೆ ಬಿದ್ದಿದ್ದ ಇನ್ನೊಂದನ್ನು ಎತ್ತಿ ನೋಡಿದೆ. ಇನ್ನೊಂದು. ಎಲ್ಲವೂ ಹಾಗೆಯೇ. ಆಮೇಲೆ ಎಲೆ ನೋಡಿದೆ, ಮೊದಲ ದಿನವೇ ನೋಡಬೇಕಾಗಿದ್ದ ಹಾಗೆ. ಹೊಸ ಎಲೆ ಮಾತ್ರ ಹಳದಿ, ನರಗಳು ಹಸಿರು. ಇದು ಹುಳುವಿನ ಕೆಲಸವಲ್ಲ. ಬೋರಿನ ಸುಣ್ಣದ ನೀರಿನಿಂದ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ, ಅಷ್ಟೇ. ಗ್ರಂಧಿಗೆ ಅಂಗಡಿಯಲ್ಲಿ ಅನ್ನಭೇದಿ ಎಂಬ ಹಸಿರು ಹರಳು ಸಿಗುತ್ತದೆ. ನೀರಿಗೆ ಕರಗಿಸಿ ಎರಡು ಮೂರು ಸಲ ಸಿಂಪಡಿಸಿದ್ದರೆ ಆ ಹೊಲ ಹಸಿರಾಗುತ್ತಿತ್ತು. ಮುನಿಯಮ್ಮ ಬೋರ್ ನೀರು ಎಂದು ನನಗೆ ಬಾಯಿಬಿಟ್ಟು ಹೇಳಿದ್ದಳು.

ಬಾವಿ ಪಕ್ಕದ ಸಾಲಿಗೆ ಆಳುಗಳು ಇನ್ನೂ ಕೈ ಹಾಕಿರಲಿಲ್ಲ. ನಾನು ಬಾಯಿ ತೆಗೆಯಲು ಸಮಯವಿತ್ತು. ಡಿಡಿ ರೈತರಿಗೆ ಭಾಷಣ ಮಾಡುತ್ತಿದ್ದರು, ಅವರ ಕೈಯಲ್ಲಿ ನನ್ನ ಸೈನ್ ಇದ್ದ ಕಾಗದ. ನಾನು ಬಾಯಿ ತೆಗೆಯಲಿಲ್ಲ. ತುಪ್ಪದ ಬಣ್ಣದ ಸಾಲನ್ನು ಹೂವಿನ ಸಮೇತ ಕಿತ್ತು ರಾಶಿಗೆ ಹಾಕಿದರು. ಹಸಿ ಗಿಡ ಸುಲಭವಾಗಿ ಉರಿಯುವುದಿಲ್ಲ, ತುಂಬ ಹೊತ್ತು ಹೊಗೆಯಾಡುತ್ತದೆ. ಜೀಪಿನಲ್ಲಿ ವಾಪಸ್ ಬರುವಾಗ ಉಗುರಿನ ಸಂದಿಯಲ್ಲಿ ಆ ಹೊಲದ ಮಣ್ಣು ಇತ್ತು, ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಒಬ್ಬಳಿಗೆ ತನ್ನ ಮೇಲೆಯೇ ಆಗುವ ಶಾಕ್ ಎಂಥದ್ದು ಎಂದು ನನಗೆ ಅವತ್ತು ಗೊತ್ತಾಯಿತು. ಅದು ಪೂರ್ತಿ ಇಳಿದಿದೆ ಎಂದು ಇವತ್ತಿಗೂ ಹೇಳಲಾರೆ.

ಪ್ರೆಸ್ ಮಾಡಿದ್ದ ತೆನೆಯನ್ನು ಹಾಳೆಗೆ ಅಂಟಿಸಿದೆ. ಒಣಗಿದ ಮೇಲೆ ಬಣ್ಣವೆಲ್ಲಿ, ಎಲ್ಲ ಕನಕಾಂಬರದ ಹಾಗೆ ಕಂದು. ಲೇಬಲ್ಲಿನಲ್ಲಿ ಮುನಿಯಮ್ಮನ ಮಾತನ್ನು ಸ್ಥಳೀಯರ ನಂಬಿಕೆ ಎಂದೇ ಇಳಿಸಿ, ಕೊನೆಗೆ "ಮತ್ತೆ ಎಲ್ಲೂ ಕಂಡಿಲ್ಲ" ಎಂದು ಸೇರಿಸಿದೆ. ಮತ್ತೆ ಹುಡುಕಿಯೂ ಇರಲಿಲ್ಲ ಎಂಬುದು ನಿಜ. ಹುಡುಕಬೇಕಾದರೆ ಕೆಂಪಾಪುರಕ್ಕೆ ಹೋಗಿ ಮುನಿಯಮ್ಮನನ್ನೇ ಕೇಳಬೇಕಿತ್ತು. ಕೆಲವು ವರ್ಷದಲ್ಲಿ ಆ ಹೊಲಗಳು ಲೇಔಟ್ ಆದವು. ಆ ಕಡೆ ಬಸ್ಸಿನಲ್ಲಿ ಹೋಗಬೇಕಾಗಿ ಬಂದರೆ ನಾನು ಇನ್ನೊಂದು ಕಿಟಕಿಯ ಕಡೆ ನೋಡುತ್ತಿದ್ದೆ.

ಆಮೇಲೆ ಸರ್ವಿಸ್ ಇರುವವರೆಗೆ, ಬೇರನ್ನು ಕೈಯಲ್ಲಿ ಹಿಡಿಯದೆ ನಾನೂ ಬರೆಯಲಿಲ್ಲ, ನನ್ನ ಕೈಕೆಳಗಿನವರಿಗೂ ಬರೆಯಲು ಬಿಡಲಿಲ್ಲ. ಫೀಲ್ಡಿನಿಂದ ಬಂದವರ ಉಗುರು ನೋಡುತ್ತಿದ್ದೆ. ಮಣ್ಣಿಲ್ಲದಿದ್ದರೆ ರಿಪೋರ್ಟ್ ವಾಪಸ್. ಜೂನಿಯರುಗಳು ಹಿಂದಿನಿಂದ ನನ್ನನ್ನು ಬೇರು ಮೇಡಂ ಎನ್ನುತ್ತಿದ್ದರು, ಎದುರಿಗೆ ಸಿಕ್ಕರೆ ಕೈ ಹಿಂದಕ್ಕೆ ಕಟ್ಟುತ್ತಿದ್ದರು. ಶಿಸ್ತಿನ ಹೆಂಗಸು ಎಂದು ಹೆಸರಾಯಿತು. ಶಿಸ್ತು ಎಲ್ಲಿಂದ ಬಂತು ಎಂದು ಒಬ್ಬರಿಗೂ ಹೇಳಲಿಲ್ಲ.

ಇನ್ನು ಆ ಶೀಟ್ ತಿದ್ದುವುದಕ್ಕೆ ಸ್ವಲ್ಪ ಮುಂಚಿನ ಮಾತು. ಟಿ. ದಾಸರಹಳ್ಳಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗುವಿನ ನಾಮಕರಣ. ಆರ್‌ಟಿ ನಗರದ ನನ್ನ ಮನೆಯಿಂದ ಆಟೋ ಹಿಡಿದು ಹೋದೆ. ಛತ್ರದ ಬಾಗಿಲಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಹೂವಿನ ತಟ್ಟೆ ಹಿಡಿದು ಬಂದವರಿಗೆಲ್ಲ ಹೂ ಕೊಡುತ್ತಿದ್ದರು. ಮಲ್ಲಿಗೆ ತೆಗೆದುಕೊಳ್ಳಲು ಕೈ ಚಾಚಿದವಳು ಅವರ ತುರುಬು ನೋಡಿದೆ. ಮರುಗದ ಹಸಿರಿನ ನಡುವೆ ತುಪ್ಪದ ಬಣ್ಣ. ಗಂಟಲಲ್ಲಿ ಒಂದು ಚುಕ್ಕಿ ಕೆಂಪು.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವರೇ ತಟ್ಟೆ ಕೆಳಗಿಟ್ಟು ನನ್ನನ್ನು ಕುರ್ಚಿಗೆ ಕೂರಿಸಿದರು, ಬಿಪಿ ಇದೆಯಾ ಮೇಡಂ ಎಂದು ವಿಚಾರಿಸಿದರು. ಈ ಹೂ ಎಲ್ಲಿಯದು ಎಂದು ಕೇಳಿದೆ. ಮನೆಯದೇ, ಟೆರೇಸಿನ ಮೇಲೆ ಬೆಳೆದಿದ್ದೀನಿ, ಇದೇ ಬೀದಿ ಎಂದರು. ನನ್ನ ಮುಂದಿನ ಪ್ರಶ್ನೆ ನನಗೇ ಕೇಳಿಸದಷ್ಟು ಮೆಲ್ಲಗಿತ್ತು. ಕೆಂಪಾಪುರದ ಮುನಿಯಮ್ಮ ನಿಮಗೆ ಏನಾಗಬೇಕು?

"ನಮ್ಮವ್ವ. ಹೋಗಿ ಸುಮಾರು ವರ್ಷ ಆಯ್ತು. ನಾನು ರತ್ನಮ್ಮ ಅಂತ, ಒಬ್ಬಳೇ ಮಗಳು. ನಿಮಗೆ ಹೆಂಗೆ ಗೊತ್ತು?"

ಊಟವಾದ ಮೇಲೆ ಅವರ ಮನೆಗೆ ಹೋದೆವು. ಮೂರು ಮಹಡಿ ಹತ್ತುವಾಗ ಎಲ್ಲಿಂದ ಶುರು ಮಾಡಲಿ ಎಂದು ಒಂದೊಂದು ಮೆಟ್ಟಿಲಿಗೂ ಯೋಚಿಸಿದೆ. ಟೆರೇಸಿನಲ್ಲಿ ಹಳೆಯ ಪೇಂಟ್ ಬಕೆಟ್ಟುಗಳ ಸಾಲು, ಎಲ್ಲದರಲ್ಲೂ ಅದೇ ಕನಕಾಂಬರ. ಮದುವೆಯಾಗಿ ಬರುವ ದಿನ ಅವ್ವ ಸೆರಗಿಗೆ ಮಡಿಲಕ್ಕಿ ಕಟ್ಟುವಾಗ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆಗೆ ಒದ್ದೆ ಬಟ್ಟೆ ಸುತ್ತಿದ ಮೂರು ಕಡ್ಡಿ ಇಟ್ಟಿದ್ದಳಂತೆ. ಅವ್ವನಿಗೂ ಅವಳ ಅತ್ತೆ ಹಸೆಯ ಮೇಲೆಯೇ ಮಡಿಲಿಗೆ ಹಾಕಿದ್ದರಂತೆ. ಆ ಮನೆಯಲ್ಲಿ ಗಿಡ ಹೆಣ್ಣುಮಕ್ಕಳ ಜೊತೆ ಹೋಗುವುದೆಂದರೆ ಅದು. ನಾನು ಯಾವುದನ್ನು ನಂಬಿಕೆ ಎಂದು ಬರೆದಿದ್ದೆನೋ ಅದು ಆ ಗಿಡವನ್ನು ಬೆಳೆಸುವ ವಿಧಾನವಾಗಿತ್ತು. ಬೀಜವಿಲ್ಲದ ಗಿಡ ಎಷ್ಟೋ ತಲೆಮಾರು ದಾಟಿ ಬಂದಿದ್ದು ಹಾಗೆಯೇ.

ನಾನು ಹೇಳಿದೆ. ಜೀಪು, ಸೀರೆ, ರಿಪೋರ್ಟ್, ನೋಡದೆ ಬರೆದ ಬೇರು, ಕೈಯಲ್ಲಿ ಹಿಡಿದ ಮೇಲೂ ಸುಮ್ಮನಿದ್ದದ್ದು, ಎಲ್ಲ. ನಡುವೆ ಎರಡು ಸಲ ಇಂಗ್ಲಿಷಿಗೆ ಜಾರಿದೆ, ತಡೆದುಕೊಂಡು ಮತ್ತೆ ಕನ್ನಡದಲ್ಲಿ ಹೇಳಿದೆ. ರತ್ನಮ್ಮ ಒಂದು ಬಕೆಟ್ಟಿನ ಕಳೆ ಕೀಳುತ್ತಾ ಕೇಳಿದರು. ನನಗಾದಷ್ಟು ಆಶ್ಚರ್ಯ ಅವರಿಗೆ ಆದಂತೆ ಕಾಣಲಿಲ್ಲ.

"ಬದು ಮೇಲೆ ಸೀರೆ ಎತ್ಕೊಂಡು ನಿಂತಿದ್ದ ಮೇಡಮ್ಮ ನೀವೇನಾ" ಎಂದರು. "ಬೇರು ಬೆಳ್ಳಗಿತ್ತು ಅಂತ ನಮ್ಮವ್ವಂಗೂ ಗೊತ್ತಿತ್ತು. ನೀವು ಕೈಲಿ ಹಿಡ್ಕೊಂಡು ಒಂದಾದ್ಮೇಲೆ ಒಂದು ನೋಡಿದ್ದು ನೋಡಿದ್ಲು. ಈಗ ಹೇಳ್ತಾಳೆ ಈ ಹುಡ್ಗಿ, ಈಗ ಹೇಳ್ತಾಳೆ ಅಂತ ಬಾವಿ ಹತ್ರ ಕಾಯ್ತಾ ನಿಂತಿದ್ಲಂತೆ."

ಇಷ್ಟು ವರ್ಷ ನನ್ನೊಬ್ಬಳದೇ ಗುಟ್ಟು ಎಂದುಕೊಂಡಿದ್ದು ಒಂದು ಮನೆಯ ಅಡುಗೆಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಹಾಗಾದರೆ ಅವರೇ ಯಾಕೆ ಹೇಳಲಿಲ್ಲ ಎಂದು ಕೇಳಿಬಿಟ್ಟೆ.

"ಅವ್ಳು ಹೇಳಿದ್ರೆ ಯಾರು ಕೇಳೋರು ಮೇಡಂ? ಬರೆಯೋ ಕೈ ನಿಮ್ದಾಗಿತ್ತು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊಲ ಹೋದ ಮೇಲೆ ಅವ್ವ ಇಲ್ಲಿಗೆ ಬಂದು, ಮಗಳ ಹಿತ್ತಲಿನಲ್ಲಿ ಹಬ್ಬಿದ್ದ ಗಿಡದ ಮುಂದೆ ಕೂತು ಹೂ ಬಿಡಿಸುತ್ತಿದ್ದಳಂತೆ. ಕೆಂಪಾಪುರಕ್ಕೆ ಮತ್ತೆ ಒಂದು ಕಡ್ಡಿಯನ್ನೂ ಒಯ್ಯಲಿಲ್ಲವಂತೆ, ಅಲ್ಲಿ ಆಫೀಸಿನವರು ಬರುತ್ತಾರೆ ಎಂದು.

ಕಡ್ಡಿ ಕೇಳುವ ಬಾಯಿ ನನಗಿರಲಿಲ್ಲ. ಹೊರಡಲು ಎದ್ದೆ. ರತ್ನಮ್ಮ ಕೂತ ಜಾಗದಿಂದಲೇ ತನಗೆ ಇಬ್ಬರು ಗಂಡುಮಕ್ಕಳು, ಹೆಣ್ಣುಮಕ್ಕಳಿಲ್ಲ, ಸೊಸೆಯಂದಿರಿಗೆ ಕುಂಡ ಎಂದರೆ ಕೋಪ ಎಂದರು. ಆಮೇಲೆ ಚೆನ್ನಾಗಿ ಬೆಳೆದ ಒಂದು ಬಕೆಟ್ಟನ್ನು ಮಗ್ಗುಲಿಗೆ ಮಲಗಿಸಿ, ತಳಕ್ಕೆ ಎರಡು ಸಲ ಗುದ್ದಿ, ಇಡೀ ಗಿಡವನ್ನು ಮಣ್ಣಿನ ಮುದ್ದೆ ಸಮೇತ ಹೊರಗೆಳೆದರು. ನಲ್ಲಿಯ ಕೆಳಗೆ ಹಿಡಿದು ಮಣ್ಣು ತೊಳೆದರು. ತಂದು ನನ್ನ ಎರಡೂ ಕೈಗೆ ಕೊಟ್ಟರು.

"ಏನು ಕಾಣ್ತದೆ ಹೇಳಿ."

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಬೆರಳಿನಿಂದ ಎಳೆ ಎಳೆ ಬಿಡಿಸಿ ನೋಡಿದೆ.

"ಬಿಳಿ" ಎಂದೆ. "ಗಂಟಿಲ್ಲ. ಗಿಡ ಚೆನ್ನಾಗಿದೆ."

"ಆಯ್ತು ಬಿಡಿ" ಎಂದರು ರತ್ನಮ್ಮ. ಗಿಡವನ್ನು ವಾಪಸ್ ಬಕೆಟ್ಟಿಗೆ ಇಟ್ಟು, ಮಣ್ಣು ಒತ್ತಿ, ಕತ್ತರಿಯಿಂದ ಮೂರು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದರು. ನಾನು ಬ್ಯಾಗಿನ ಜಿಪ್ ತೆಗೆದೆ. ಅವರು ಬೇಡವೆಂದು ತಲೆಯಾಡಿಸಿದರು.

"ಬ್ಯಾಗಿಗಲ್ಲ ಮೇಡಂ. ಸೆರಗು ಒಡ್ಡಿ."